ಒಗರು ಗೊತ್ತಿದ್ದವರಿಗೆ ವೈನ್ ಕಷ್ಟವಲ್ಲ

ನಮ್ಮೂರ ಕಡೆ ‘ವೈನ್ಸ್’ ಎಂದು ಬೋರ್ಡ್ ಹಾಕಿದ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ, ವೈನ್ ಒಂದನ್ನು ಬಿಟ್ಟು. ಬ್ರಾಂದಿ, ವಿಸ್ಕಿ, ರಮ್ಮುಗಳ ಸಾಲಿನ ಕೊನೆಗೆ ದೂಳು ಹಿಡಿದ ಎರಡು ಬಾಟಲಿ ಇದ್ದರೆ ಅದೇ ಹೆಚ್ಚು. ಹಾಗಾಗಿ ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರದ ಕೆಳಗೇ ಬೆಳೆದ ನಾನು ವೈನ್ ಪಟ್ಟಿ ಎಂಬುದನ್ನು ಮೊದಲು ನೋಡಿದ್ದು ವೈಟ್‌ಫೀಲ್ಡ್‌ನಲ್ಲಿ, ಕೆಲಸಕ್ಕೆ ಸೇರಿದ ಮೇಲೆ, ಟೀಂ ಡಿನ್ನರ್ ಒಂದರಲ್ಲಿ. ನಾಲ್ಕು ಪುಟದ ಪಟ್ಟಿ. ಒಂದು ಹೆಸರೂ ನಾಲಿಗೆಗೆ ಒಗ್ಗುವಂಥದ್ದಲ್ಲ. ನನ್ನಂತೆ ಕನ್ನಡ ಮಾಧ್ಯಮದಿಂದ ಬಂದ ಇನ್ನಿಬ್ಬರು ಅದನ್ನು ಉರ್ದು ಓದುವಂತೆ ಬಲದಿಂದ ಎಡಕ್ಕೆ ಓದುತ್ತಿದ್ದರು: ಮೊದಲು ಬೆಲೆ, ಆಮೇಲೆ ಹೆಸರು.

ಅಂದು ನನ್ನನ್ನು ಕಾಡಿದ್ದು ವೈನ್ ಅಲ್ಲ, ಆ ಪಟ್ಟಿಯ ಮುಂದೆ ಮೂರು ಜನರ ದನಿ ಒಟ್ಟಿಗೇ ಕುಗ್ಗಿದ್ದು. ಕೋಡ್ ಬರೆಯುವಾಗ ಇಲ್ಲದ ಅಳುಕು ಒಂದು ಗ್ಲಾಸಿನ ಮುಂದೆ ಯಾಕೆ? ಆ ಕುತೂಹಲಕ್ಕೇ ನಂತರದ ಒಂದು ವರ್ಷ ನಾನು ವೈನ್ ಬಗ್ಗೆ ಓದಿದೆ, ಅಂಗಡಿಯವರನ್ನು ಕೇಳಿದೆ, ತಿಂಗಳಿಗೊಂದು ಸಣ್ಣ ಬಾಟಲಿ ಕೊಂಡು ರುಚಿ ನೋಡಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಮದ್ಯ ಕೊಳ್ಳಲು 21 ತುಂಬಿರಬೇಕು. ‘ರೆಡ್ ವೈನ್ ಹೃದಯಕ್ಕೆ ಒಳ್ಳೆಯದಂತೆ’ ಎಂಬ ಸಮಾಧಾನವೂ ಈಗ ಉಳಿದಿಲ್ಲ. ಯಾವ ಪ್ರಮಾಣದ ಮದ್ಯವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಟೀಂ ಡಿನ್ನರ್‌ನಲ್ಲಿ ‘ನನಗೆ ಲೈಮ್ ಸೋಡಾ’ ಎಂದವರ ಅಪ್ರೈಸಲ್ ಕೆಟ್ಟಿದ್ದನ್ನು ನಾನಂತೂ ಕಂಡಿಲ್ಲ. ಕುಡಿಯಲೇಬೇಕಿಲ್ಲ. ಆದರೆ ಹೆದರಲೂ ಬೇಕಿಲ್ಲ.

ಹೆದರಿಕೆ ಹೋದದ್ದು ಒಂದು ಪದದಿಂದ. ವೈನ್ ಬಲ್ಲವರು ಮಾತೆತ್ತಿದರೆ ‘ಟ್ಯಾನಿನ್’ ಎನ್ನುತ್ತಾರೆ. ಅದೇನು ಎಂದು ಓದುತ್ತಾ ಹೋದರೆ ನಮ್ಮ ‘ಒಗರು’! ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಎಳೆ ಅಡಿಕೆ ಅಗಿದಾಗ ಒಸಡು ಒಣಗಿದಂತಾಗುತ್ತದಲ್ಲ, ಅದೇ. ಕೆಂಪು ವೈನನ್ನು ಹಣ್ಣಿನ ಸಿಪ್ಪೆ, ಬೀಜದ ಜೊತೆಗೇ ಹುದುಗಿಸುತ್ತಾರೆ. ಬಣ್ಣ ಬರುವುದು ಸಿಪ್ಪೆಯಿಂದ, ಒಗರು ಬರುವುದು ಸಿಪ್ಪೆ ಮತ್ತು ಬೀಜದಿಂದ. ಇಂಗ್ಲಿಷಿನವರು ಈ ರುಚಿಯನ್ನು ವಿವರಿಸಲು ಒಂದು ಪ್ಯಾರಾ ಬರೆಯುತ್ತಾರೆ. ನಮ್ಮ ಅಜ್ಜಿಯರು ಮೂರಕ್ಷರದಲ್ಲಿ ಮುಗಿಸಿದ್ದಾರೆ. ಹುಳಿ, ಸಿಹಿ, ಒಗರು, ಗಂಟಲಲ್ಲಿ ಇಳಿಯುವ ಬಿಸಿ. ಈ ನಾಲ್ಕನ್ನು ಗುರುತಿಸಬಲ್ಲವರು ಯಾವ ವೈನ್ ಕುರಿತೂ ಮಾತಾಡಬಹುದು.

ಇನ್ನು ಬಾಟಲಿ ಆರಿಸುವುದು. ಮುಂದಿನ ಚಿತ್ರ ನೋಡಬೇಡಿ, ತಿರುಗಿಸಿ ಹಿಂಬದಿ ಓದಿ. ದ್ರಾಕ್ಷಿ ತಳಿಯ ಹೆಸರು ಇದೆಯೇ? ಇದ್ದರೆ ಅರ್ಧ ಕೆಲಸ ಮುಗಿಯಿತು. ಕ್ಯಾಬರ್ನೆ ಸೊವಿನ್ಯೊ ಎಂದಿದ್ದರೆ ಒಗರು ಜಾಸ್ತಿ. ಮೆರ್ಲೊ ಮೃದು. ಶಿರಾಜ್‌ನಲ್ಲಿ ಸ್ವಲ್ಪ ಕಾಳುಮೆಣಸಿನ ಛಾಯೆ, ಮಸಾಲೆ ಊಟ ಉಂಡು ಬೆಳೆದ ನಾಲಿಗೆಗೆ ಇದು ಬೇಗ ಹಿಡಿಸುತ್ತದೆ. ಹೊಸಬರು ಶಿರಾಜ್‌ನಿಂದ ಶುರು ಮಾಡುವುದು ವಾಸಿ ಎಂಬುದು ನನ್ನ ಅಭಿಪ್ರಾಯ. ‘ಡ್ರೈ’ ಎಂದರೆ ಒಣಗಿದ್ದು ಅಂತಲ್ಲ, ಹಣ್ಣಿನ ಸಕ್ಕರೆಯೆಲ್ಲ ಬಹುತೇಕ ಹುದುಗಿಹೋಗಿದೆ, ಸಿಹಿ ಇಲ್ಲ ಎಂದರ್ಥ. ಆಲ್ಕೋಹಾಲ್ ಪ್ರಮಾಣ ಸಾಮಾನ್ಯವಾಗಿ ಶೇ 12ರಿಂದ 14ರವರೆಗೆ ಇರುತ್ತದೆ. ಬಿಯರ್ ಕುಡಿದಂತೆ ಕುಡಿಯುವ ವಸ್ತುವಲ್ಲ ಎಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ.

ಬೆಲೆ? ಇಲ್ಲೊಂದು ಲೆಕ್ಕ ಗೊತ್ತಿರಲಿ. ವಿದೇಶಿ ವೈನ್ ಮೇಲೆ ನಮ್ಮಲ್ಲಿ ಬಹುಕಾಲ ಶೇ 150ರಷ್ಟು ಆಮದು ಸುಂಕ ಇತ್ತು. 2022ರ ಕೊನೆಗೆ ಜಾರಿಯಾದ ಒಪ್ಪಂದದಿಂದ ಆಸ್ಟ್ರೇಲಿಯಾದ ವೈನ್‌ಗೆ ಸುಂಕ ತಗ್ಗಿತು, ಅದೂ ಒಂದು ಮಟ್ಟಕ್ಕಿಂತ ಹೆಚ್ಚಿನ ಬೆಲೆಯ ಬಾಟಲಿಗಳಿಗೆ ಮಾತ್ರ. ಅಂದರೆ ಅಲ್ಲಿ ಕಾಲೇಜು ಹುಡುಗರು ಕುಡಿಯುವ ಸಾಧಾರಣ ವೈನ್, ಹಡಗು ಹತ್ತಿ ಸುಂಕ ಕಟ್ಟಿ ನಮ್ಮ ಶೆಲ್ಫಿಗೆ ಬರುವಾಗ ದೊಡ್ಡ ಮನುಷ್ಯನಾಗಿರುತ್ತದೆ. ಅದೇ ಹಣಕ್ಕೆ, ಬಹಳ ಸಲ ಅದಕ್ಕಿಂತ ಕಡಿಮೆಗೆ, ಇಲ್ಲಿನದೇ ಉತ್ತಮ ಬಾಟಲಿ ಸಿಗುತ್ತದೆ. ನಾಸಿಕದ ಸುಲಾ, ಸೊಲ್ಲಾಪುರ ಜಿಲ್ಲೆ ಅಕಲೂಜ್‌ನ ಫ್ರಾಟೆಲಿ, ನಮ್ಮ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಝಂಪಾ. ಸಾವಿರ ರೂಪಾಯಿ ಆಸುಪಾಸಿನಲ್ಲಿ ಇವರ ಶಿರಾಜ್ ಅಥವಾ ಕ್ಯಾಬರ್ನೆ–ಶಿರಾಜ್ ಮಿಶ್ರಣ ಹುಡುಕಬಹುದು. 375 ಎಂಎಲ್‌ನ ಅರ್ಧ ಬಾಟಲಿ ಇದ್ದರೆ ಅದನ್ನೇ ಕೊಳ್ಳಿ. ರುಚಿ ಹಿಡಿಸದಿದ್ದರೆ ಅರ್ಧ ನಷ್ಟ ತಾನೆ!

ಗ್ರೋವರ್ ಹೆಸರು ಬಂದಾಗ ನನಗೊಂದು ವಿಚಿತ್ರ ಭಾವನೆ. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ ಶುರು ಮಾಡಿದ ಆ ತೋಟದಲ್ಲಿರುವುದು ಫ್ರೆಂಚ್ ತಳಿಗಳು. ಅದೇ ಬೆಟ್ಟದ ಇನ್ನೊಂದು ಮಗ್ಗುಲಿಗೆ ನಮ್ಮ ಎರಡೆಕರೆ. ಅಲ್ಲಿರುವುದು ಬೆಂಗಳೂರು ಬ್ಲೂ. ಜಿಐ ಮಾನ್ಯತೆ ಪಡೆದ, ವರ್ಷಕ್ಕೆ ಎರಡು ಬೆಳೆ ಕೊಡುವ, ಕೆಲವು ಸಲ ಕೊಯ್ಲಿನ ಕೂಲಿಯೂ ಹುಟ್ಟಿಸದ ನಮ್ಮ ಕಪ್ಪು ದ್ರಾಕ್ಷಿ. 2020ರ ಲಾಕ್‌ಡೌನ್‌ನಲ್ಲಿ ಹಣ್ಣು ಕೊಳ್ಳುವವರಿಲ್ಲದೆ ಅಪ್ಪ ಚಪ್ಪರದ ಕೆಳಗೆ ಸುಮ್ಮನೆ ಕೂತಿರುತ್ತಿದ್ದರು. ನನ್ನ ಕೊನೆಯ ಸೆಮಿಸ್ಟರ್ ಫೀಸು ಅದೇ ಚಪ್ಪರದಿಂದ ಬರಬೇಕಿತ್ತು.

ಈ ಹಣ್ಣು ಅಮೆರಿಕ ಮೂಲದ ಬಳಗದ್ದು, ಅಪ್ಪಟ ಯುರೋಪಿನ ವೈನ್ ದ್ರಾಕ್ಷಿಯಲ್ಲ. ಅದರ ಗಾಢ ಪರಿಮಳವನ್ನು ವೈನ್ ಪಂಡಿತರು ‘ಫಾಕ್ಸಿ’, ಅಂದರೆ ನರಿ ವಾಸನೆ ಎಂದು ಮೂಗು ಮುರಿಯುತ್ತಾರೆ. (ದ್ರಾಕ್ಷಿಗೂ ನರಿಗೂ ಹಳೇ ನಂಟು ಬಿಡಿ.) ನಮ್ಮ ಅಂಗಡಿಗಳಲ್ಲಿ ತೀರಾ ಅಗ್ಗಕ್ಕೆ ಸಿಗುವ, ‘ಪೋರ್ಟ್’ ಎಂದು ಹೆಸರಿಟ್ಟ ಸಿಹಿ ವೈನ್‌ಗಳಿಗೆ ಇಂಥ ಹಣ್ಣು ಹೋಗುತ್ತದೆ. ನಿಜವಾದ ಪೋರ್ಟ್ ಪೋರ್ಚುಗಲ್‌ನ ಡೌರೊ ಕಣಿವೆಯದು, ಹುದುಗುವಾಗಲೇ ದ್ರಾಕ್ಷಿಯ ಬ್ರಾಂದಿ ಬೆರೆಸಿ ಸಿಹಿ ಉಳಿಸಿದ್ದು. ನಮ್ಮದಕ್ಕೂ ಅದಕ್ಕೂ ಹೆಸರು ಮಾತ್ರ ಒಂದೇ.

ಕಳೆದ ಹೊಸತೊಡಕಿಗೆ ಊರಿಗೆ ಹೋಗುವಾಗ ಒಂದು ಶಿರಾಜ್, ಒಂದು ಅಗ್ಗದ ಸಿಹಿ ವೈನ್ ಒಯ್ದಿದ್ದೆ. ‘ಮನೆಯೊಳಗೆ ಬಾಟಲಿ ತರ್ತೀಯೇನೋ’ ಎಂದು ಅಮ್ಮ ಬೈದು, ಕೊನೆಗೆ ಹಿತ್ತಲ ಕಟ್ಟೆಯ ಮೇಲೆ ಅನುಮತಿ ಕೊಟ್ಟರು. ಅಪ್ಪ ಶಿರಾಜ್ ಒಂದು ಗುಟುಕು ಕುಡಿದು ಮುಖ ಹಿಂಡಿದರು: ‘ಇದೇನೋ ಇಷ್ಟು ಒಗರು!’ ಎರಡನೆಯದನ್ನು ಬಾಯಿಗೆ ಇಡುವ ಮುಂಚೆ ಮೂಸಿ ನೋಡಿ ಸುಮ್ಮನಾದರು. ಆಮೇಲೆ, ‘ಇದು ನಮ್ ಹಣ್ಣೇ ಕಣೋ’ ಎಂದರು. ಲೇಬಲ್ ಮೇಲೆ ತಳಿಯ ಹೆಸರಿರಲಿಲ್ಲ. ಮೂವತ್ತು ವರ್ಷ ಆ ಹಣ್ಣು ಕೊಯ್ದ ಮೂಗಿಗೆ ಲೇಬಲ್ ಬೇಕಿರಲಿಲ್ಲ.

ಅಂದಿನಿಂದ ಆ ಸಿಹಿ ವೈನನ್ನು ಯಾರಾದರೂ ‘ಚೀಪ್’ ಎಂದರೆ ನನಗೆ ಸಿಟ್ಟು ಬರುತ್ತದೆ. ಹಾಗೆಂದು ಸುಳ್ಳು ಹೇಳಲಾರೆ, ಊಟದ ಜೊತೆಗೆ ಅದು ಹೊಂದುವುದಿಲ್ಲ. ಡ್ರೈ ವೈನ್ ಬೇಕೆಂದರೆ ಶಿರಾಜ್ ಕಡೆಗೇ ಹೋಗಬೇಕು. ಸಿಹಿ ಇಷ್ಟವಾದರೆ ಮುಜುಗರವಿಲ್ಲದೆ ಸಿಹಿಯನ್ನೇ ಕೇಳಿ. ಹೊಸತೊಡಕಿನ ಖಾರದ ಮಟನ್ ಸಾರಿನ ಜೊತೆಗೆ ಕ್ಯಾಬರ್ನೆ ಮಾತ್ರ ಬೇಡ. ಖಾರಕ್ಕೆ ಒಗರು ಸೇರಿದರೆ ಬಾಯಿ ಉರಿಯೇ ಉರಿ. ಹುರಿದ ಮಾಂಸ, ಖಾರ ಕಡಿಮೆ ಇರುವ ಪಲ್ಯ, ಪನೀರ್ ಪರವಾಗಿಲ್ಲ.

ಕೆಂಪು ವೈನನ್ನು ‘ರೂಂ ಟೆಂಪರೇಚರ್’ನಲ್ಲಿ ಕುಡಿಯಬೇಕು ಎನ್ನುತ್ತಾರೆ. ಆ ರೂಂ ಯುರೋಪಿನದು, ಸುಮಾರು 16–18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಪಿ.ಜಿ.ಯ ಮೂರನೇ ಮಹಡಿಯದಲ್ಲ. ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ತೆರೆದ ಬಾಟಲಿಯನ್ನೂ ಮುಚ್ಚಿ ಅಲ್ಲೇ ಇಟ್ಟರೆ ಮೂರು ದಿನ ತಡೆಯುತ್ತದೆ. ವೈನ್ ಹಳೆಯದಾದಷ್ಟೂ ರುಚಿ ಎಂಬ ಮಾತು ಈ ಬೆಲೆಯ ಬಾಟಲಿಗಳಿಗೆ ಅನ್ವಯಿಸದು, ಇಸವಿ ಇದ್ದರೆ ಹೊಸದನ್ನೇ ಆರಿಸಿ. ಬಿಸಿಲು ಬೀಳುವ ಶೋಕೇಸಿನಲ್ಲಿ ನಿಂತದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಬಿರಡೆಯ ಬದಲು ತಿರುಗಿಸುವ ಮುಚ್ಚಳ ಇದ್ದರೆ ಕೀಳೆಂದುಕೊಳ್ಳಬೇಡಿ. ಪಿ.ಜಿ.ಯಲ್ಲಿ ಬಿರಡೆ ತೆಗೆಯುವ ಸಾಧನ ಯಾರ ಬಳಿ ಇರುತ್ತದೆ?

ಅಂದಹಾಗೆ, ವೈಟ್‌ಫೀಲ್ಡ್‌ಗೆ ವೈನ್ ತಂದದ್ದು ಐಟಿಯವರಲ್ಲ. 1882ರಲ್ಲಿ ಡಿ.ಎಸ್. ವೈಟ್ ಎಂಬವರ ಮುಂದಾಳತ್ವದಲ್ಲಿ, ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಹುಟ್ಟಿದ ಆಂಗ್ಲೋ ಇಂಡಿಯನ್ನರ ಊರು ಇದು. ಕ್ರಿಸ್‌ಮಸ್‌ಗೆ ಮನೆಯಲ್ಲೇ ವೈನ್ ಮಾಡುವುದು ಆ ಸಮುದಾಯದ ಹಳೆಯ ರೂಢಿ. ನಮ್ಮ ಪಿ.ಜಿ. ಹಿಂದಿನ ಬೀದಿಯ ಆಂಟಿಯೊಬ್ಬರು ಈಗಲೂ ಜಾಡಿಯಲ್ಲಿ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ ಹಾಕಿ ಬಟ್ಟೆ ಕಟ್ಟಿಡುತ್ತಾರೆ. ಅವರಿಗೆ ಬೇಕಾದ್ದು ಶಿರಾಜ್ ಅಲ್ಲ, ಬೆಂಗಳೂರು ಬ್ಲೂ. ನನ್ನ ಊರು ಯಾವುದೆಂದು ತಿಳಿದ ದಿನವೇ, ‘ನಿಮ್ಮ ಡ್ಯಾಡಿಗೆ ಹೇಳು, ಹತ್ತು ಕೆಜಿ ಬೇಕು, ಆದ್ರೆ ಹಾಪ್‌ಕಾಮ್ಸ್ ರೇಟಿಗಿಂತ ಜಾಸ್ತಿ ಕೊಡಲ್ಲ’ ಎಂದರು.

ಅಪ್ಪನಿಗೆ ಫೋನ್ ಮಾಡಿದೆ. ‘ಹತ್ತು ಕೆಜಿಗೆ ಏನು ದುಡ್ಡು ತಗೊಳ್ಳೋದು, ಮಾಡಿದ್ರಲ್ಲಿ ಒಂದು ಸೀಸೆ ಕಳಿಸೋಕೆ ಹೇಳು’ ಎಂದರು.