ಸೊಂಟದ ಮೂಳೆ ನಿಜವಾಗಿ ಜಾರುತ್ತದೆಯೇ?

ಮದುವೆ ಸೀಸನ್ ಬಂತೆಂದರೆ ನಮ್ಮ ಅಡುಗೆಯವರಲ್ಲಿ ಸೊಂಟನೋವಿನ ದೂರು ಹೆಚ್ಚು. ಪುಣೆಯ ಮಂಗಲ ಕಾರ್ಯಾಲಯಗಳಲ್ಲಿ ಸಾಂಬಾರಿನ ಕೊಪ್ಪರಿಗೆ ಇಳಿಸುವುದು, ಸಿಲಿಂಡರ್ ಎತ್ತುವುದು ತಪ್ಪಿದ್ದಲ್ಲ. 19 ಕೆ.ಜಿ. ಗ್ಯಾಸ್ ತುಂಬಿದ ಸಿಲಿಂಡರಿನ ಒಟ್ಟು ತೂಕ 35 ಕೆ.ಜಿ. ದಾಟುತ್ತದೆ.

ನೋವು ಬಂದಾಗ "ಮೂಳೆ ಜಾರಿದೆ, ಕೂರಿಸುತ್ತೇವೆ" ಎನ್ನುವವರಿದ್ದಾರೆ. ಆದರೆ ಬೆನ್ನೆಲುಬಿನ ಬುಡವೂ ಸೊಂಟದ ಮೂಳೆಯೂ ಸೇರುವ ಕೀಲು ಗಟ್ಟಿ ನಾರುಗಳಿಂದ ಬಿಗಿದಿರುತ್ತದೆ. ಅದು ಅಲುಗುವುದೇ ಕೆಲವು ಡಿಗ್ರಿಯಷ್ಟು. 1998ರಲ್ಲಿ ಸ್ವೀಡನ್ನಿನ ವೈದ್ಯರು 10 ರೋಗಿಗಳ ಈ ಕೀಲನ್ನು ಕೈಚಿಕಿತ್ಸೆಗೆ ಮೊದಲು ಮತ್ತು ನಂತರ ವಿಶೇಷ ಎಕ್ಸ್‌ರೇಯಿಂದ ಅಳೆದರು. ಮೂಳೆಯ ಸ್ಥಾನ ಬದಲಾಗಿರಲಿಲ್ಲ.

ಹಾಗೆಂದು ಕೈಚಿಕಿತ್ಸೆ ವ್ಯರ್ಥವಲ್ಲ. ತರಬೇತಿ ಪಡೆದ ಫಿಸಿಯೋಥೆರಪಿಸ್ಟರ ಚಿಕಿತ್ಸೆಯಿಂದ ಬಿಗಿತ ಸಡಿಲಗೊಂಡು ಕೆಲಕಾಲ ನೋವು ತಗ್ಗಬಹುದು. ಆಗಲೇ ಅವರು ಹೇಳಿದ ವ್ಯಾಯಾಮ ಆರಂಭಿಸಬೇಕು. ದಿನಗಟ್ಟಲೆ ಮಲಗದೆ ಆದಷ್ಟು ಓಡಾಡಬೇಕು. ಕೊಪ್ಪರಿಗೆಗೆ ಇಬ್ಬರು ಕೈಕೊಡಲಿ, ಸಿಲಿಂಡರಿಗೆ ಕೈಗಾಡಿ ಇರಲಿ. ಇದು ಮಾಲೀಕರ ಹೊಣೆ.

ಕಾಲಿನ ಬಲ ಕುಂದಿದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಅದರ ಹಿಡಿತ ತಪ್ಪಿದರೆ ಉಳುಕು ತೆಗೆಸಲು ಹೋಗಬೇಡಿ. ತಕ್ಷಣ ಸಸೂನ್‌ನಂತಹ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ತಡಮಾಡಿದರೆ ಶಾಶ್ವತ ಹಾನಿಯಾಗಬಹುದು.