ನ್ಯಾಯಾಲಯದಲ್ಲಿ ಯಾರ ಕೆಲಸವೇನು?

ಕಳೆದ ವರ್ಷ ನಮ್ಮ ತಂದೆಯವರಿಗೆ ಸೆಷನ್ಸ್ ನ್ಯಾಯಾಲಯದಿಂದ ಸಮನ್ಸು ಬಂದಿತು. ಹೊಲದ ಬದುವಿನ ಮೇಲೆ ನಡೆದ ಹೊಡೆದಾಟವೊಂದನ್ನು ಅವರು ಕಣ್ಣಾರೆ ಕಂಡಿದ್ದರು. ಮನೆಯಲ್ಲಿ ಓದು ಬಲ್ಲವನು ನಾನೊಬ್ಬನೇ ಆದುದರಿಂದ ಕಾಗದವನ್ನು ಓದಿ ಹೇಳಿ, ಜೊತೆಯಲ್ಲಿ ಹೋದೆನು. ದಲಾಯತನು ಹೆಸರು ಕೂಗಿದೊಡನೆ ಅವರು ತಪ್ಪು ಮಾಡಿದವರಂತೆ ಕೈ ಮುಗಿದುಕೊಂಡೇ ಕಟಕಟೆಯನ್ನೇರಿದರು. ಪಾಟೀಸವಾಲು ಮುಗಿಸಿಕೊಂಡು ಹೊರಬಂದವರು, “ಕಂಡಿದ್ದ ಯೋಳಾಕ್ ಬಂದೋನ್ನೇ ಕಳ್ಳನ್ನ ಕೇಳ್ದಂಗೆ ಕೇಳ್ತಾರಲ್ಲ ಮಗಾ!” ಎಂದರು. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನನ್ನಲ್ಲಿ ಅಂದು ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಪೆಟ್ಟು ಬಿದ್ದುದು ಒಬ್ಬನಿಗಾದರೂ ಅಪರಾಧವು ಸಮಾಜದ ಮೇಲೆಯೇ ನಡೆಯಿತೆಂದು ನ್ಯಾಯಶಾಸ್ತ್ರವು ಭಾವಿಸುತ್ತದೆ. ಆದುದರಿಂದ ಸೆಷನ್ಸ್ ಮೊಕದ್ದಮೆಯನ್ನು ಸರ್ಕಾರದ ಪರವಾಗಿ ಪಬ್ಲಿಕ್ ಪ್ರಾಸಿಕ್ಯೂಟರರು ನಡೆಸುತ್ತಾರೆ. ಹೇಗಾದರೂ ಶಿಕ್ಷೆ ಕೊಡಿಸುವುದು ಇವರ ಧರ್ಮವಲ್ಲ. ಆರೋಪಿಗೆ ಅನುಕೂಲವಾದ ಸಂಗತಿಯನ್ನೂ ಇವರು ಮುಚ್ಚಿಡಬಾರದು. ಪೊಲೀಸರ ಕೆಲಸ ತನಿಖೆ. ಸಾಕ್ಷಿಯು ಅವರ ಮುಂದೆ ಕೊಟ್ಟ ಹೇಳಿಕೆ ಅಷ್ಟರಿಂದಲೇ ರುಜುವಾತಾಗುವುದಿಲ್ಲ. ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಮತ್ತೆ ಹೇಳಬೇಕು.

ಆರೋಪಿಯು ಅಪರಾಧ ಸಾಬೀತಾಗುವವರೆಗೂ ನಿರಪರಾಧಿಯೇ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳೆಂದು ಅವನನ್ನು ಬಲಾತ್ಕರಿಸುವಂತಿಲ್ಲ; ಸಂವಿಧಾನದ ೨೦ನೆಯ ವಿಧಿಯ ರಕ್ಷಣೆ ಅವನಿಗಿದೆ. ವಕೀಲರನ್ನಿಡಲು ಶಕ್ತಿಯಿಲ್ಲದ ಬಡವನಿಗೆ ಸರ್ಕಾರದ ಖರ್ಚಿನಲ್ಲಿಯೇ ವಕೀಲರು ದೊರೆಯುತ್ತಾರೆ.

ನಡುವೆ ಕುಳಿತವರು ನ್ಯಾಯಾಧೀಶರು. ಹಿಂದೆ ಕೆಲವು ಕಡೆ ಜ್ಯೂರಿಗಳಿದ್ದರು. ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯು ಆ ಪದ್ಧತಿಯನ್ನು ಕೈಬಿಟ್ಟಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಜ್ಯೂರಿಯಿಲ್ಲ. ನಡೆದುದೇನು, ಅದಕ್ಕೆ ಕಾನೂನೇನು ಎಂಬೆರಡನ್ನೂ ನ್ಯಾಯಾಧೀಶರೊಬ್ಬರೇ ನಿರ್ಣಯಿಸಬೇಕು. ಆದರೆ ಅವರು ಹೊಡೆದಾಟವನ್ನು ಕಂಡವರಲ್ಲ, ವಕೀಲರೂ ಕಂಡವರಲ್ಲ. ಕಂಡವನು ಸಾಕ್ಷಿಯೊಬ್ಬನೇ. ಅವನು ಹೆದರಿ ಬಾರದೆ ಹೋದರೆ ಉಳಿದವರೆಲ್ಲರ ಕೈಯೂ ಬರಿದು. ಸಾಕ್ಷಿಗಳ ರಕ್ಷಣೆಗಾಗಿ ಒಂದು ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಅಂಗೀಕರಿಸಿದ್ದು ಇದಕ್ಕಾಗಿಯೇ.

ಹಾಗಾದರೆ ಪಾಟೀಸವಾಲು ಏಕೆ? ಒರೆಗೆ ಹಚ್ಚದೆ ಚಿನ್ನವನ್ನು ಯಾರೂ ಕೊಳ್ಳುವುದಿಲ್ಲ. ಒಬ್ಬನ ಮಾತಿನಿಂದ ಇನ್ನೊಬ್ಬನು ಸೆರೆಮನೆ ಸೇರುವಂತಿದ್ದರೆ ಆ ಮಾತನ್ನೂ ಒರೆಗೆ ಹಚ್ಚಲೇಬೇಕು. ಮೊದಲು ಮುಖ್ಯ ವಿಚಾರಣೆ, ಅನಂತರ ಎದುರು ಪಕ್ಷದ ಪಾಟೀಸವಾಲು, ಅಗತ್ಯವಿದ್ದರೆ ಮರುವಿಚಾರಣೆ. ಕೊನೆಗೆ, ಬರೆದುಕೊಂಡ ಸಾಕ್ಷ್ಯವನ್ನು ಸಾಕ್ಷಿಗೆ ಓದಿ ಹೇಳಬೇಕು. ತಪ್ಪಿದ್ದರೆ ತಿಳಿಸುವ ಹಕ್ಕು ಓದುಬರಹ ಬಾರದವನಿಗೂ ಉಂಟು.

ಇದನ್ನೆಲ್ಲ ಒಂದು ರಾತ್ರಿ ತಂದೆಯವರಿಗೆ ವಿವರಿಸಿ, “ನಾಳೆ ಯಾರಾದರೂ ನಿನ್ನ ಮೇಲೆ ಸುಳ್ಳು ಹೇಳಿದರೆ, ನಿನ್ನ ವಕೀಲರೂ ಹೀಗೆಯೇ ಕೇಳಬೇಕಲ್ಲಪ್ಪಾ” ಎಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರೆ ಕೇಳ್ಲಿ ಬಿಡು. ಆದ್ರೆ ಇದ ಮೊದ್ಲೇ ಯಾರಾರ ಯೋಳಿದ್ರೆ ಕೈ ಮುಕ್ಕೊಂಡು ನಿಲ್ತಿರ್ಲಿಲ್ಲ” ಎಂದರು.

ಸಹಪಾಠಿಗಳೇ, ಮೊದಲೇ ಹೇಳಬೇಕಾದವರು ಓದಿದ ನಾವಲ್ಲವೇ?