ನಿಮಗಿದು ಗೊತ್ತೆ? ಅಂಟಿನ ಉಂಡಿಗೂ ಕಸ್ಟಮ್ಸ್ ಕಾಟ

ಬಾಣಂತಿ ಮಗಳು ದುಬೈನಲ್ಲಿದ್ದರೆ ಕುಂದಗೋಳದ ತಾಯಿಗೆ ಅಂಟಿನ ಉಂಡಿ ಕಟ್ಟಿ ಕಳಿಸುವ ಆಸೆ. ಕೊಬ್ಬರಿ, ಉತ್ತತ್ತಿ, ಬೆಲ್ಲದ್ದೇನೂ ತಕರಾರಿಲ್ಲ. ಜೊತೆಗೆ ಉದುರಿಸುವ ಹಿಡಿ ಗಸಗಸೆಯೇ ಅಪಾಯ! ಅದು ಅಫೀಮು ಗಿಡದ ಬೀಜ. ಹಾಗಾಗಿ ಯುಎಇ, ಸೌದಿ ಅರೇಬಿಯಾ, ಸಿಂಗಪುರದಲ್ಲಿ ನಿಷಿದ್ಧ. ಸಿಕ್ಕಿಬಿದ್ದರೆ ಜೈಲೂ ಆದೀತು. ನಾವು ಪಾಯಸ ಮಾಡಿ ಕುಡಿಯುವುದು ಅಲ್ಲಿ ಮಾದಕ ವಸ್ತುವಿನ ಸಾಲಿಗೆ!

ಧಾರವಾಡ ಪೇಡೆಗೆ ಜಿಐ ಮಾನ್ಯತೆ ಇದೆ, ನಿಜ. ಆಸ್ಟ್ರೇಲಿಯಾದ ಅಧಿಕಾರಿಗಳು ಅದಕ್ಕೆಲ್ಲ ಸೊಪ್ಪು ಹಾಕುವುದಿಲ್ಲ. ಕಾಲುಬಾಯಿ ಜ್ವರದಂಥ ದನದ ರೋಗ ಒಳಬಂದೀತೆಂಬ ಭಯಕ್ಕೆ ಹಾಲಿನ ಸಿಹಿತಿಂಡಿಗಳನ್ನು ತಡೆಯುತ್ತಾರೆ. ಐರೋಪ್ಯ ಒಕ್ಕೂಟದಲ್ಲೂ ಹೊರದೇಶದ ಹಾಲಿನ ಪದಾರ್ಥಕ್ಕೆ ಇಂಥದೇ ಕಟ್ಟು. ಹಿತ್ತಲಲ್ಲಿ ಊರಲೆಂದು ಕಟ್ಟಿಕೊಡುವ ಹೀರೆ, ಅವರೆ ಬೀಜಕ್ಕೆ ಅಮೆರಿಕ ಸಾಮಾನ್ಯವಾಗಿ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತದೆ.

ನವಲಗುಂದದ ಹತ್ತಿ ಜಮಖಾನೆಗೆ ಈ ತಂಟೆಗಳಿಲ್ಲ, ಬೆಲೆ ನೋಡಿ ಸುಂಕ ಬೀಳಬಹುದು ಅಷ್ಟೆ.

ಅಂಚೆಯ ಸಿಎನ್ 22 ಅಥವಾ ಸಿಎನ್ 23 ಫಾರಂನಲ್ಲಿ ‘ಗಿಫ್ಟ್’ ಎಂದಷ್ಟೇ ಗೀಚಿದರೆ ಸಾಲದು. ‘ಶೇಂಗಾ ಚಟ್ನಿ ಪುಡಿ, 500 ಗ್ರಾಂ’ ಎಂದು ಒಂದೊಂದನ್ನೂ ಬೆಲೆಸಹಿತ, ಇಂಗ್ಲಿಷಿನಲ್ಲಿ ಬರೆಯಬೇಕು. ದುಬೈಗೆ ಉಂಡಿ ಹೋಗಲೇಬೇಕೆಂದರೆ ಗಸಗಸೆ ಬಿಟ್ಟು ಕಟ್ಟಿ.